ಗುಡ್ಡದ ಅಂಚಿಗೆ ನಿಂತವಳು

ನನ್ನ ಕೆಲಸ ಏನೆಂದು ಕೇಳಿದವರಿಗೆ ಕಂಪ್ಯೂಟರ್ ಕೆಲಸ ಎಂದಷ್ಟೇ ಹೇಳುತ್ತೇನೆ. ಅಷ್ಟಕ್ಕೆ ಜನ ಸುಮ್ಮನಾಗುತ್ತಾರೆ. ನಿಜವಾಗಿ ನಾನು ಕಲ್ಲು ಮಾಡುತ್ತೇನೆ. ವಿಡಿಯೋ ಗೇಮುಗಳಲ್ಲಿ ಆಡುವವರು ಓಡಾಡುವ ಕಾಡು, ಹೊಳೆ, ಕಡಲತೀರಗಳನ್ನು ಯಾರಾದರೂ ಕೂತು ಮಾಡಬೇಕಲ್ಲ. ಹಾಗೆ ಮಾಡಿಟ್ಟ ನೆಲಕ್ಕೆಲ್ಲ ಒಟ್ಟಾಗಿ ಮ್ಯಾಪ್ ಎನ್ನುತ್ತಾರೆ. ಅದರಲ್ಲಿ ಕಡಿದಾಗಿ ನಿಂತ ಬಂಡೆಗೋಡೆಗಳು, ನಮ್ಮ ಕಡೆ ದರೆ ಎನ್ನುತ್ತೇವಲ್ಲ, ಅವು ನನ್ನ ಪಾಲಿಗೆ ಬಂದವು.

ಆಯಿ, ಅಂದರೆ ನನ್ನ ಅಮ್ಮ, ಇರುವವರೆಗೆ ನಾವಿಬ್ಬರೂ ಕಾರವಾರದ ಹತ್ತಿರದ ಕದ್ವಾಡದಲ್ಲಿದ್ದೆವು. ನಾನು ಒಳಕೋಣೆಯಲ್ಲಿ ಕಲ್ಲು ಮಾಡುತ್ತ ಕೂತಿದ್ದರೆ ಅವಳು ಅಡುಗೆಮನೆಯಿಂದಲೇ ಕೊಂಕಣಿಯಲ್ಲಿ ಏನಾದರೊಂದು ಹೇಳುತ್ತಿದ್ದಳು. ಉತ್ತರ ಬೇಕೆಂದೇನೂ ಅಲ್ಲ. ಅವಳು ತೀರಿಕೊಂಡ ಮೇಲೆ ಆ ಮನೆಯಲ್ಲಿ ಇರಲಾಗಲಿಲ್ಲ. ಎದುರು ಸಿಕ್ಕವರೆಲ್ಲ ಆಯಿಯ ಮಾತೆತ್ತಿ ಕಣ್ಣೊರೆಸಿಕೊಳ್ಳುತ್ತಿದ್ದರು; ನಾನೇ ಅವರನ್ನು ಸಮಾಧಾನ ಮಾಡಿ ಕಳಿಸಬೇಕಾಗುತ್ತಿತ್ತು. ಅಂಕೋಲೆಯಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಸಿಕ್ಕಿತು. ಅಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ. ಬೇಕಾದದ್ದೂ ಅದೇ ಎಂದುಕೊಂಡು ಹೋದೆ.

ಒಂದು ಮಳೆಗಾಲ ಕಳೆಯಿತು. ಕೆಳಗಿನ ಮನೆಯವರು ಬೆಳಿಗ್ಗೆ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದರೆ ಸಂಜೆಗೇ ಬರುತ್ತಿದ್ದರು. ಗೇಮ್ ಕಂಪನಿಯವರ ಜೊತೆ ಇಂಗ್ಲಿಷಿನಲ್ಲಿ ಬರೆದು ಕಳಿಸುವುದಷ್ಟೇ, ಅದೂ ಕಲ್ಲಿನ ವಿಷಯ ಮಾತ್ರ. ಒಂದು ದಿನ ಮೀನು ಪೇಟೆಯಲ್ಲಿ ಬಂಗಡೆ ಮಾರುವವಳು ಕೊಂಕಣಿಯಲ್ಲಿ ಏನೋ ಕೇಳಿದಳು. ಉತ್ತರ ಹೇಳಹೋದರೆ ದನಿ ಹೊರಡಲಿಲ್ಲ. ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳಬೇಕಾಯಿತು. ಎಷ್ಟು ದಿನಗಳಿಂದ ಬಾಯಿ ಮುಚ್ಚಿಕೊಂಡಿದ್ದೆನೋ ನನಗೇ ಲೆಕ್ಕವಿರಲಿಲ್ಲ.

ಆಗ ಕಂಪನಿ ಒಂದು ದ್ವೀಪದ ಮ್ಯಾಪ್ ಮಾಡಿಸುತ್ತಿತ್ತು. ದ್ವೀಪದ ಸುತ್ತ ಸಮುದ್ರಕ್ಕೆ ಇಳಿಯುವ ದರೆ ಬೇಕಿತ್ತು. ನನ್ನ ಕೆಲಸ ನೋಡುವ ಮುಖ್ಯಸ್ಥ ಬೇರೆ ದೇಶದವನು, ಒಳ್ಳೆಯ ಮನುಷ್ಯ. ನಾನು ಕಳಿಸಿದ್ದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಗೋಡೆಯ ಹಾಗಿದೆ. ಇದರ ಮೇಲೆ ಮಳೆಯೇ ಬಿದ್ದಿಲ್ಲ" ಎಂದ.

ಅವನು ಹೇಳಿದ್ದು ಸರಿಯಾಗಿತ್ತು. ಒಂದಿಷ್ಟು ಬಂಡೆ ಮಾಡಿಕೊಂಡು, ಅವನ್ನೇ ಮಗುಚಿ, ತಿರುಗಿಸಿ, ಒಂದರ ಪಕ್ಕ ಒಂದು ಜೋಡಿಸಿದ್ದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಇಳಿಜಾರು. ಹೆದ್ದಾರಿಗೆಂದು ಯಂತ್ರದಲ್ಲಿ ಕಡಿದ ಗುಡ್ಡಗಳು ಹಾಗೇ ಇರುತ್ತವೆ. ತಾನಾಗಿ ಆದ ದರೆಯಲ್ಲಿ ಗಟ್ಟಿ ಕಲ್ಲು ಮುಂದಕ್ಕೆ ಚಾಚಿರುತ್ತದೆ, ಮೆತ್ತನೆಯದು ಒಳಗೆ ತಗ್ಗಿರುತ್ತದೆ. ನೀರು ಹರಿದಲ್ಲಿ ಕಪ್ಪಗೆ ಗೀರು ಬಿದ್ದಿರುತ್ತದೆ. ಮಣ್ಣು ನಿಂತ ಕಡೆ ಮಾತ್ರ ಹುಲ್ಲು. ಮೇಲಿಂದ ಬಿದ್ದದ್ದೆಲ್ಲ ಕೆಳಗೆ ರಾಶಿಯಾಗಿರಬೇಕು. ನಾನು ಆ ರಾಶಿಯನ್ನೇ ಮರೆತಿದ್ದೆ. ನಿಜವಾದ ದರೆಯೊಂದರ ಫೋಟೋ ತೆಗೆದು, ಅದರಿಂದಲೇ ಬಂಡೆ ಮಾಡೋಣ ಎಂದು ಹೊರಟೆ.

ಅಂಕೋಲೆಯ ಹತ್ತಿರದ ಮಂಜಗುಣಿಯಿಂದ ಈಚೆಗೆ ಒಂದು ಗುಡ್ಡ ಸಮುದ್ರದೊಳಕ್ಕೆ ಮೂಗು ಚಾಚಿಕೊಂಡಿದೆ. ಮೇಲೆ ಕೆಂಪು ಚಿರೆಕಲ್ಲಿನ ಬಯಲು, ಸೊಂಟದವರೆಗೆ ಹುಲ್ಲು. ಅಂಚಿನಿಂದ ಕೆಳಗೆ ಕಪ್ಪು ಬಂಡೆ, ಅದರ ಬುಡಕ್ಕೆ ತೆರೆ. ಫೋಟೋದಿಂದ ಬಂಡೆ ಮಾಡಬೇಕಾದರೆ ಬಿಸಿಲು ಇರಬಾರದು, ಫೋಟೋದಲ್ಲಿ ಬಿದ್ದ ನೆರಳು ನಾವು ಮಾಡಿದ ಕಲ್ಲಿಗೇ ಅಂಟಿಬಿಡುತ್ತದೆ. ಹಾಗಾಗಿ ಮೋಡ ಕವಿದ ಬೆಳಗುಗಳಲ್ಲೇ ಸ್ಕೂಟರ್ ತೆಗೆದುಕೊಂಡು ಹೋಗುತ್ತಿದ್ದೆ. ಎರಡು ಹೆಜ್ಜೆ ನಡೆಯುವುದು, ನಿಲ್ಲುವುದು, ಅಂಚಿಗೆ ಬಗ್ಗಿ ಕೆಳಗೆ ನೋಡುವುದು, ಒಂದು ಫೋಟೋ. ಮತ್ತೆ ಎರಡು ಹೆಜ್ಜೆ. ಹೀಗೆ ಆ ತುದಿಯಿಂದ ಈ ತುದಿಗೆ. ಸುಸ್ತಾದರೆ ಕಾಲು ಇಳಿಬಿಟ್ಟು ಅಲ್ಲೇ ಕೂರುತ್ತಿದ್ದೆ. ದೂರದಲ್ಲಿ ಗಂಡಸೊಬ್ಬರು ಹುಲ್ಲು ಕೊಯ್ಯುತ್ತಿರುತ್ತಿದ್ದರು. ನಾನು ಅವರನ್ನು ಗಮನಿಸಿದ್ದಷ್ಟೇ, ಮಾತಾಡಿಸಿರಲಿಲ್ಲ.

ಒಂದು ಬೆಳಿಗ್ಗೆ ನಾನು ಅಂಚಿನಿಂದ ಸ್ವಲ್ಪ ಈಚೆ ಕೂತಿದ್ದಾಗ ಅವರು ಕೊಯ್ಯುವುದು ಬಿಟ್ಟು ನನ್ನ ಕಡೆಗೇ ಬಂದರು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರಿರಬೇಕು. ತಲೆಗೆ ಟವೆಲ್ ಸುತ್ತಿದ್ದರು. ಕತ್ತಿಯನ್ನು ಹುಲ್ಲಿನಲ್ಲಿಟ್ಟು, ನನಗೂ ಅಂಚಿಗೂ ನಡುವೆ ಇದ್ದ ಸ್ವಲ್ಪ ಜಾಗದಲ್ಲೇ ಕೂತರು.

"ನಿಮ್ದು ಎಲ್ಲಾಯ್ತು ತಂಗಿ?"

"ಅಂಕೋಲೆ. ಮೊದ್ಲು ಕಾರವಾರದ ಕಡೆ."

"ಒಬ್ರೇ ಬಂದೂದ?"

"ಹೌದು."

"ಮೊನ್ನೆನೂ ಒಬ್ರೇ ಬಂದಿದ್ರಿ."

ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ತಮ್ಮ ಎಮ್ಮೆಯ ಕತೆ ತೆಗೆದರು. ಅದು ಹೊಳೆ ದಾಟಿ ಓಡಿ ಹೋದದ್ದು, ಯಾರದೋ ತರಕಾರಿ ಗದ್ದೆ ಹೊಕ್ಕದ್ದು, ಈಗ ಹಾಲು ಕಡಿಮೆಯಾದದ್ದು. ಒಂದು ಕತೆ ಮುಗಿದರೆ ಅದರ ಬಾಲ ಹಿಡಿದು ಇನ್ನೊಂದು. ಮೋಡ ಕರಗಿ ಬಿಸಿಲು ಬಂದರೆ ನನ್ನ ಕೆಲಸ ಕೆಡುತ್ತದೆಂದು ಒಳಗೊಳಗೇ ಚಡಪಡಿಸಿದೆ. ಆದರೂ ಏಳಲಿಲ್ಲ. ಯಾರೋ ನನ್ನ ಪಕ್ಕ ಕೂತು ಇಷ್ಟು ಹೊತ್ತು ಮಾತಾಡಿ ತುಂಬ ದಿನವಾಗಿತ್ತು.

ಅಷ್ಟರಲ್ಲಿ ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ಅವರ ಹೆಂಡತಿ ಏದುಸಿರು ಬಿಡುತ್ತ ಬಂದರು. ಗಂಡನೇ ಫೋನ್ ಮಾಡಿ ಕರೆಸಿದ್ದು ಎಂದು ಆಮೇಲೆ ತಿಳಿಯಿತು. ಆಕೆ ಬಂದವರೇ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬಾ ತಂಗಿ, ಮನೆಗೆ ಹೋಗ್ವ. ಗಂಜಿ ಆಗ್ಯದೆ."

"ಬೇಡ ಅಕ್ಕ, ನಂಗೆ ಸ್ವಲ್ಪ ಕೆಲಸ ಉಳಿದಿದೆ."

"ಕೆಲಸ ಎಲ್ಲಿ ಹೋಗ್ತದೆ. ಉಂಡು ಬಾ."

ಮನೆ ತಲುಪುವವರೆಗೆ ಆಕೆ ನನ್ನ ಕೈ ಬಿಡಲಿಲ್ಲ. ಗುಡ್ಡ ಇಳಿಯುವಾಗ ದಾರಿ ಕಿರಿದಾಗಿ, ಇಬ್ಬರೂ ಮೈ ತಿರುಗಿಸಿ ಅಡ್ಡಡ್ಡ ನಡೆಯಬೇಕಾಯಿತು, ಆಗಲೂ ಬಿಡಲಿಲ್ಲ.

ಬಿಸಿ ಗಂಜಿ, ಸುಟ್ಟ ಒಣಮೀನು, ಮಾವಿನ ಮಿಡಿ ಉಪ್ಪಿನಕಾಯಿ. ನಾನು ಎರಡು ತುತ್ತು ಉಣ್ಣುವವರೆಗೆ ಇಬ್ಬರೂ ನನ್ನ ತಟ್ಟೆಯನ್ನೇ ನೋಡುತ್ತಿದ್ದರು.

"ಮನೇಲಿ ಯಾರ್ಯಾರಿದ್ರು?" ಎಂದು ಅಕ್ಕ ಕೇಳಿದರು.

"ಯಾರೂ ಇಲ್ಲ. ಆಯಿ ಇದ್ಲು. ಹೋದ ವರ್ಷ ತೀರಿಕೊಂಡ್ಳು."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕ ನನ್ನ ಹತ್ತಿರಕ್ಕೆ ಸರಿದು ಕೂತರು.

"ಏನ್ ಕಷ್ಟ ಇದ್ರೂ ಹೇಳು. ಇಲ್ಲಿ ಯಾರೂ ನಗೂದಿಲ್ಲ. ದಿನಾ ಬಂದು ಆ ದರೆ ಮೇಲೆ ಬಗ್ಗಿ ಬಗ್ಗಿ ಎಂತಾ ನೋಡೂದು ನೀನು?"

ಆಗ ನನಗೆ ಅರ್ಥವಾಯಿತು. ಮೊದಲು ನಗು ಬಂತು. ನಗುತ್ತಲೇ ಕ್ಯಾಮರಾ ತೆಗೆದು ತೋರಿಸಿದೆ, ನನ್ನ ಕೆಲಸ ವಿವರಿಸಿದೆ. ಅವರ ಗಂಡ, ಆಮೇಲೆ ನಾನು ಅಣ್ಣ ಎಂದೇ ಕರೆದವರು, ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೋ ಸರಿಸಿ ನೋಡಿದರು. ಎಲ್ಲ ಕಲ್ಲು, ಕಲ್ಲಿನ ಸಂದು, ಮತ್ತೆ ಕಲ್ಲು.

"ಹೌದೇ, ಬರೀ ಕಲ್ಲೇ ಅದೆ," ಎಂದು ಹೆಂಡತಿಗೆ ಹೇಳಿದರು. ಆದರೆ ಪೂರ್ತಿ ನಂಬಿದಂತೆ ಕಾಣಲಿಲ್ಲ.

"ಆಟದಲ್ಲಿ ದರೆ ಎಂತಕ್ಕೆ?" ಎಂದರು ಅಕ್ಕ.

"ಆಡೋರು ಹತ್ತುತ್ತಾರೆ ಅಕ್ಕ. ಕೆಲವ್ರು ಮೇಲಿಂದ ಹಾರಿ ನೋಡ್ತಾರೆ. ಸತ್ರೂ ಮತ್ತೆ ಏಳ್ತಾರಲ್ಲ."

ಹೇಳಿದ ಮೇಲೆ ಹೇಳಬಾರದಿತ್ತು ಎನಿಸಿತು. ಅಕ್ಕ ಎದ್ದು ಒಲೆಯ ಹತ್ತಿರ ಹೋದರು. ಅಣ್ಣ ಕನ್ನಡಕ ತೆಗೆದು ಟವೆಲಿನಲ್ಲಿ ಒರೆಸುತ್ತ ಕೂತರು. ಆಮೇಲೆ ಹೇಳಿದರು. ಕೆಲವು ವರ್ಷಗಳ ಹಿಂದೆ ಒಬ್ಬ ಗಂಡಸು ಹೀಗೇ ಬರುತ್ತಿದ್ದನಂತೆ. ಒಳ್ಳೆಯ ಅಂಗಿ ಹಾಕಿದ್ದವನು, ಯಾವ ಊರೋ ಗೊತ್ತಿಲ್ಲ. ಬೀಡಿಗೆ ಬೆಂಕಿ ಕೇಳಿದ್ದನಂತೆ.

"ಕೊಟ್ಟೆ. ಊಟ ಆಯ್ತಾ ಅಂತ ಕೇಳ್ದೆ, ಆಯ್ತು ಅಂದ. ನಾನು ಹುಲ್ಲು ಕೊಯ್ಯೂಕೆ ಹೋದೆ. ತಿರುಗಿ ನೋಡ್ವಾಗ ಚಪ್ಪಲಿ ಮಾತ್ರ ಇತ್ತು."

ಆಗ ನನಗೆ ಅಳು ಬಂತು, ಅದೂ ಜೋರಾಗಿ. ಆಯಿ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಅಕ್ಕ ಓಡಿಬಂದು ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು. ಅವರು ಅಂದುಕೊಂಡದ್ದೇ ನಿಜವಾಯಿತು ಎಂದು ಅವರಿಗೆ ಅನಿಸಿರಬೇಕು. ಹಾಗಲ್ಲ ಎಂದು ಬಿಡಿಸಿ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಾನು ಸಾಯಲು ಹೋಗಿರಲಿಲ್ಲ, ಅದಂತೂ ನಿಜ. ಅಂಥ ಯೋಚನೆ ಬಂದದ್ದೂ ಇಲ್ಲ. ಆದರೆ ಸ್ಕೂಟರಿನಲ್ಲಿ ಅಂಕೋಲೆಗೆ ಮರಳುವಾಗ ಬೇರೊಂದು ಯೋಚನೆ ಬಂತು. ಇವತ್ತು ಕಾಲು ಜಾರಿ ಬಿದ್ದಿದ್ದರೂ ಮೊದಲು ಯಾರಿಗೆ ತಿಳಿಯುತ್ತಿತ್ತು? ಕೆಳಗಿನ ಮನೆಯವರಿಗೆ ನಾನು ಒಳಗಿದ್ದರೂ ಇಲ್ಲದಿದ್ದರೂ ಒಂದೇ. ಮುಖ್ಯಸ್ಥ ಕೆಲಸ ಎಲ್ಲಿಗೆ ಬಂತು ಎಂದು ಮೆಸೇಜ್ ಹಾಕುತ್ತಿದ್ದ, ಉತ್ತರ ಬರದಿದ್ದರೆ ಇನ್ನೊಂದು ಹಾಕುತ್ತಿದ್ದ. ಹುಲ್ಲು ಕೊಯ್ಯುವ ಒಬ್ಬರಿಗೆ ಮಾತ್ರ, ನನ್ನ ಗುರುತೂ ಇಲ್ಲದವರಿಗೆ, ನಾನು ಮೊನ್ನೆ ಬಂದದ್ದು, ಇವತ್ತು ಬಂದದ್ದು ಗೊತ್ತಿತ್ತು. ಅದನ್ನು ನೆನೆದು ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು.

ಅಂದು ಸಂಜೆ ಅಕ್ಕ ಫೋನ್ ಮಾಡಿದರು. ನಂಬರ್ ಯಾವಾಗ ಇಸಿದುಕೊಂಡರೋ ನೆನಪಿಲ್ಲ.

"ಉಂಡ್ಯಾ?"

"ಉಂಡೆ ಅಕ್ಕ."

"ಹ್ಞಾಂ, ಆಯ್ತು." ಇಟ್ಟುಬಿಟ್ಟರು.

ಮರುದಿನವೂ ಅಷ್ಟೇ. ಎಷ್ಟೋ ಸಂಜೆ ಆ ಒಂದೇ ಪ್ರಶ್ನೆ. ಉಣ್ಣದಿದ್ದರೆ ಸುಳ್ಳು ಹೇಳಬೇಕಾಗುತ್ತದೆಂದು ಹೊತ್ತಿಗೆ ಸರಿಯಾಗಿ ಅನ್ನಕ್ಕಿಡಲು ಶುರುಮಾಡಿದೆ. ಮತ್ತೆ ಗುಡ್ಡಕ್ಕೆ ಹೋದಾಗಲೆಲ್ಲ ಅಣ್ಣ ಅಲ್ಲೇ ಹತ್ತಿರದಲ್ಲೇ ಹುಲ್ಲು ಕೊಯ್ಯುತ್ತಿದ್ದರು, ಅಲ್ಲಿ ಕೊಯ್ಯುವಷ್ಟು ಹುಲ್ಲು ಇಲ್ಲದಿದ್ದರೂ.

ದರೆ ಕೊನೆಗೂ ಆಯಿತು. ಲ್ಯಾಪ್‌ಟಾಪ್ ಒಯ್ದು ಅವರ ಜಗುಲಿಯಲ್ಲಿ ತೆರೆದು ತೋರಿಸಿದೆ. ಅಣ್ಣ, "ನಮ್ ಗುಡ್ಡವೇ," ಎಂದರು. ಅಕ್ಕ ತುಂಬ ಹೊತ್ತು ನೋಡಿ, ದಾರಿ ಎಲ್ಲಿ ಎಂದು ಕೇಳಿದರು. ಅವರು ನನ್ನ ಕೈ ಹಿಡಿದು ಇಳಿಸಿದ ಕಾಲುದಾರಿಯನ್ನು ನಾನು ಮಾಡಿರಲಿಲ್ಲ. ಮನೆಗೆ ಬಂದು ಮಾಡಿದೆ. ತಿರುವುಗಳನ್ನೂ, ಎರಡು ಜನ ಅಡ್ಡಡ್ಡ ನಡೆಯಬೇಕಾದ ಕಿರಿದಾದ ಜಾಗವನ್ನೂ ಬಿಡದೆ ಮಾಡಿ ಕಳಿಸಿದೆ.

ಮುಖ್ಯಸ್ಥ ಬಂಡೆಯನ್ನು ಮೆಚ್ಚಿಕೊಂಡ. ಈಗ ಇದರ ಮೇಲೆ ಮಳೆ ಬಿದ್ದಿದೆ ಎಂದ. ದಾರಿಯನ್ನು ಮಾತ್ರ ತೆಗೆಸಿದ. "ಆಡುವವರು ಈ ಕಡೆಯಿಂದ ಕೆಳಗಿಳಿಯಬಾರದು. ಇಳಿದರೆ ಆಟವೇ ಕೆಡುತ್ತದೆ." ಅವನ ಲೆಕ್ಕ ಅವನಿಗೆ ಸರಿ. ನಾನು ವಾದ ಮಾಡಲಿಲ್ಲ. ಕಾಲುದಾರಿ ಇದ್ದಲ್ಲಿ ಬಂಡೆ ತಂದಿಟ್ಟು ಮುಚ್ಚಿದೆ. ಆ ದಿನ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಆಟ ಹೊರಗೆ ಬಂದಾಗ ನಾನು ಮರುಭೂಮಿಯ ಮ್ಯಾಪಿಗೆ ಕಲ್ಲು ಮಾಡುತ್ತಿದ್ದೆ. ಮೋಡ ಕಾಯುವ ಕೆಲಸ ಇರಲಿಲ್ಲ. ಆದರೂ ಒಂದು ಬೆಳಿಗ್ಗೆ ಮಂಜಗುಣಿಗೆ ಹೋದೆ. ಆಗಲೇ ಚಳಿಗಾಲ, ಹುಲ್ಲು ಒಣಗಿ, ಬಯಲಿನ ಅರ್ಧ ಕೊಯ್ದು ಮುಗಿದಿತ್ತು. ಅಣ್ಣ ಹೊರೆ ಕಟ್ಟುತ್ತಿದ್ದರು. ನನ್ನ ಹೆಗಲ ಮೇಲೆ ಕ್ಯಾಮರಾ ಚೀಲವಿಲ್ಲದ್ದನ್ನು ನೋಡಿದರು.

"ಪೋಟೋ ಇಲ್ವ ಇವತ್ತು?"

"ಇಲ್ಲ ಅಣ್ಣ. ಸುಮ್ನೆ ಬಂದೆ."

"ಹಂಗಾರೆ ಬಾ, ಇದಕ್ಕೊಂದು ಕೈ ಹಚ್ಚು."

ಹೊರೆ ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಇಬ್ಬರೂ ಸೇರಿ ಎತ್ತಿ ಅವರ ತಲೆಗೇರಿಸಿದೆವು. ಅವರು ಮುಂದೆ ನಡೆದರು. ನನ್ನ ತೋಳಿಗೆಲ್ಲ ಹುಲ್ಲಿನ ಚೂರು ಅಂಟಿ ತುರಿಸುತ್ತಿತ್ತು. ಒಂದು ಕೈಯಲ್ಲಿ ಅವರ ಕತ್ತಿ ಹಿಡಿದುಕೊಂಡು, ತೋಳು ಕೆರೆದುಕೊಳ್ಳುತ್ತ ಅವರ ಹಿಂದೆ ಗುಡ್ಡ ಇಳಿದೆ.