ಓಕ್‌ಬುನ್ ಕೇಳದೆ ಬಿಟ್ಟ ಪಾಠ

ಮಾಸಾನ್ ಪೇಟೆಯಲ್ಲಿ ನನ್ನ ಒಣಮೀನಿನ ಅಂಗಡಿಗೂ ಓಕ್‌ಬುನ್‌ಳ ಅಂಗಡಿಗೂ ನಡುವೆ ಇರುವುದು ಒಂದು ತಗಡಿನ ಅಡ್ಡ ಮಾತ್ರ. ಅವಳು ಮಾರುವುದು ಹುದುಗಿಸಿದ ಸೋಯಾ ಗೊಜ್ಜು. ಮನೆಯ ತಾರಸಿಯ ಮೇಲೆ ಸಾಲಾಗಿ ಮಣ್ಣಿನ ಗುಡಾಣಗಳು, ಅವಕ್ಕೆ ದಿನವೂ ಬಿಸಿಲು. ಎಷ್ಟೇ ಗಿರಾಕಿ ಬರಲಿ, ಹದ ಬಾರದೆ ಗುಡಾಣಕ್ಕೆ ಕೈ ಹಾಕಿದವಳಲ್ಲ. "ಮಾಗೋ ಮುಂಚೆ ಸೌಟು ಹಾಕಿದ್ರೆ ಕೆಡುತ್ತಕ್ಕ. ಕಾಯೋಕೆ ಬರಬೇಕು" ಎನ್ನುತ್ತಿದ್ದಳು. ಅದೊಂದು ಬುದ್ಧಿಯಿಂದಲೇ ಅವಳು ಬದುಕಿ ಬಂದಿದ್ದಳು. ಕೆಟ್ಟದ್ದೂ ಅದರಿಂದಲೇ.

ಅವಳಿದ್ದ ಹಳೆಯ ಕಟ್ಟಡವನ್ನು ಕೆಡವಲು ಹೊರಟು, ಮಾಲೀಕ ಅವಳ ಠೇವಣಿಯನ್ನು ಪೂರ್ತಿ ಹಿಂದಕ್ಕೆ ಕೊಟ್ಟ. ಬಾಡಿಗೆಯ ಬದಲು ಇಟ್ಟ ಆ ದುಡ್ಡೇ ಅವಳ ಜೀವಮಾನದ ಗಳಿಕೆ. ಗುಡ್ಡದ ಬದಿಯಲ್ಲಿ ತಾರಸಿ ಇರುವ ಮನೆಯೊಂದು ಸಿಕ್ಕಿತು. ಸುಗ್ಗಿ ಹುಣ್ಣಿಮೆ ಕಳೆದ ಮೇಲೆ ಅದೇ ಠೇವಣಿಯನ್ನು ಅಲ್ಲಿ ಕಟ್ಟಬೇಕು. ಅಲ್ಲಿಯವರೆಗೆ ಅವಳೂ ಗುಡಾಣಗಳೂ ತಮ್ಮನ ಮನೆಯಲ್ಲಿ, ದುಡ್ಡು ಬ್ಯಾಂಕಿನಲ್ಲಿ.

ಎದುರಿನ ಕ್ಷೌರದಂಗಡಿಯ ಮ್ಯೋಂಗ್ ಷೇರಿನ ಹುಚ್ಚಿನವನು. ಗಿರಾಕಿಯ ಅರ್ಧ ತಲೆ ಬೋಳಿಸಿ, ಇನ್ನರ್ಧ ಬಿಟ್ಟು ಫೋನು ನೋಡುವವನು. ಷೇರು ಪೇಟೆ ಬಿದ್ದರೆ ಎರಡರಷ್ಟು ಏರುವ, ಪೇಟೆ ಏರಿದರೆ ಎರಡರಷ್ಟು ಬೀಳುವ ಒಂದು ಫಂಡಿನ ಮಾತು ಅವನ ಬಾಯಿಂದಲೇ ಓಕ್‌ಬುನ್‌ಳ ಕಿವಿಗೆ ಬಿದ್ದದ್ದು.

"ನಮ್ಮ ಬೀದೀಲಿ ಅರ್ಧ ಅಂಗಡಿ ಬಾಗಿಲು ಹಾಕಿವೆ. ಷೇರು ಪೇಟೆ ಮಾತ್ರ ಏರ್ತಾನೇ ಇದೆಯಂತೆ! ಬೀಳದೆ ಎಲ್ಲಿಗೆ ಹೋಗುತ್ತೆ?" ಎಂದಳು ಓಕ್‌ಬುನ್.

"ಬಿದ್ದೇ ಬೀಳುತ್ತೆ ಅತ್ತಿಗೆ. ಆದ್ರೆ ಅದನ್ನ ಕೊಳ್ಳೋಕೆ ಮೊದಲು ಫೋನಲ್ಲಿ ಪಾಠ ಕೇಳಬೇಕು. ಸರ್ಕಾರದ ಕಟ್ಟಳೆ."

"ಈ ವಯಸ್ಸಲ್ಲಿ ಪಾಠವೇ?"

"ಯಾರು ಕೇಳ್ತಾರೆ? ಹಚ್ಚಿ ಪಕ್ಕಕ್ಕಿಡಿ. ಮುಗಿದ ಮೇಲೆ ಪಾಠ ಕೇಳಿದ್ದಕ್ಕೆ ಸಾಕ್ಷಿ ಅಂತ ಒಂದು ನಂಬರು ಬರುತ್ತೆ, ಅದನ್ನ ಒತ್ತಿದ್ರೆ ಕೊಳ್ಳಬಹುದು, ಅಷ್ಟೇ."

ಮರುದಿನ ಅವಳು ಫೋನನ್ನು ಉಪ್ಪಿನ ಮೂಟೆಯ ಮೇಲೆ ಒರಗಿಸಿ, ಬೇಯಿಸಿದ ಕಾಳು ಅರೆಯುವ ಯಂತ್ರ ಹಾಕಿದಳು. ಪರದೆಯ ಮೇಲೆ ಕನ್ನಡಕದ ಹುಡುಗಿಯೊಬ್ಬಳು ಬಾಯಿ ಆಡಿಸುತ್ತಲೇ ಇದ್ದಳು. ಯಂತ್ರದ ಸದ್ದಿಗೆ ಒಂದಕ್ಷರ ಕೇಳಿಸಲಿಲ್ಲ. ನಂಬರು ಬಂತು. ಠೇವಣಿಯೆಲ್ಲ ಆ ಫಂಡಿಗೆ ಹೋಯಿತು.

ಪೇಟೆ ಬೀಳಲಿಲ್ಲ. ಏರಿತು. ಒಂದು ದಿನ ಇಳಿದಂತೆ ಮಾಡಿ ಮತ್ತೆ ಏರಿತು. ನಾನು, "ಇದ್ದಷ್ಟಾದರೂ ತೆಗೆದುಕೊಳ್ಳೇ" ಎಂದೆ.

"ಹಸಿ ಗೊಜ್ಜು ತೆಗೆದು ಮಾರು ಅಂತೀಯಲ್ಲಕ್ಕ. ಪೇಟೆ ನಾನು ಕೊಂಡಾಗ ಎಲ್ಲಿತ್ತೋ ಅಲ್ಲಿಗೆ ಬರಲಿ, ನನ್ನ ದುಡ್ಡು ನನಗೆ ಬರುತ್ತೆ. ಲಾಭ ಬೇಡ."

ಅಂದಿನಿಂದ ಅವಳು ಫೋನು ತೆರೆಯುವುದನ್ನೇ ಬಿಟ್ಟಳು. ದಿನಾ ಸಂಜೆ ಮ್ಯೋಂಗನ ಬಾಗಿಲಲ್ಲಿ ನಿಂತು ಪೇಟೆ ಎಷ್ಟಕ್ಕೆ ಇಳಿಯಿತೆಂದು ಮಾತ್ರ ಕೇಳುತ್ತಿದ್ದಳು. ಸುಗ್ಗಿ ಹುಣ್ಣಿಮೆಯ ಹಬ್ಬ ಹತ್ತಿರ ಬಂದಾಗ ಪೇಟೆ ನಿಜವಾಗಿ ಜಾರತೊಡಗಿತು. ಒಂದು ಮಧ್ಯಾಹ್ನ ಮ್ಯೋಂಗ್ ಕತ್ತರಿ ಹಿಡಿದುಕೊಂಡೇ ಓಡಿಬಂದು, "ಅತ್ತಿಗೆ, ಬಂತು! ನೀವು ಕೊಂಡ ಜಾಗಕ್ಕೇ ಬಂತು!" ಎಂದು ಕೂಗಿದ. ಅವಳು ಮೊದಲು ಅಕ್ಕಿಯ ಕಡುಬು ತರಿಸಿ ನಮಗೆಲ್ಲ ಹಂಚಿದಳು. ಆಮೇಲೆ ಫೋನು ತೆರೆದಳು.

ಐದರಲ್ಲಿ ಒಂದು ಪಾಲು ಇರಲಿಲ್ಲ.

"ಇದು ತಪ್ಪು ತೋರಿಸ್ತಿದೆ. ಪೇಟೆ ವಾಪಸ್ ಬಂದಿದೆಯಲ್ಲ?"

ಮ್ಯೋಂಗ್ ಕಡುಬನ್ನು ಕೆಳಗಿಟ್ಟ. "ಅದು ದಿನದ ಲೆಕ್ಕ ಅತ್ತಿಗೆ. ಇವತ್ತಿನ ಏರಿಳಿತಕ್ಕೆ ಎರಡರಷ್ಟು, ನಾಳೆ ಮತ್ತೆ ಹೊಸದಾಗಿ ಲೆಕ್ಕ. ಪೇಟೆ ಏರಿದ ದಿನ ನಿಮ್ಮ ದುಡ್ಡು ತಿಂದುಬಿಡ್ತು. ಇಳಿದ ದಿನ ಎರಡರಷ್ಟು ಏರೋಕೆ ಉಳಿದಿದ್ದೇ ಕಮ್ಮಿ. ಇಟ್ಟುಕೊಂಡು ಕೂರೋ ಸರಕಲ್ಲ ಅದು."

"ಅದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ಪಾಠದಲ್ಲಿ ಹೇಳ್ತಾರೆ" ಎಂದವನು ತಲೆ ತಗ್ಗಿಸಿದ.

ಗುಡ್ಡದ ಮನೆಯವರು ಎರಡು ದಿನ ಕಾದು ಬೇರೆಯವರಿಗೆ ಕೊಟ್ಟರು. ಓಕ್‌ಬುನ್ ನಮ್ಮ ಅಂಗಡಿ ಬೀದಿಯ ಹಿಂದೆ ತಿಂಗಳ ಬಾಡಿಗೆಯ ನೆಲಮಾಳಿಗೆ ಕೋಣೆ ಹಿಡಿದಳು. ಗುಡಾಣಗಳು ನನ್ನ ಅಂಗಡಿಯ ಹಿತ್ತಲಿಗೆ ಬಂದವು. ಅಲ್ಲಿ ಮಧ್ಯಾಹ್ನದ ಮೇಲೆ ಬಿಸಿಲಿಲ್ಲ. ಈ ವರ್ಷದ ಗೊಜ್ಜಿನ ಮೇಲೆ ಬಿಳಿ ಬೂಷ್ಟು ಕಟ್ಟುತ್ತಿದೆ.

ಆ ಚಳಿಗಾಲದಲ್ಲೇ ಸರ್ಕಾರದವರು ಇಂಥ ಫಂಡುಗಳಿಗೆ ಕಟ್ಟಳೆ ಇನ್ನೂ ಬಿಗಿ ಮಾಡುತ್ತೇವೆ, ಸಣ್ಣ ಹೂಡಿಕೆದಾರರು ಅಭಿಪ್ರಾಯ ಹೇಳಿ ಎಂದರು. ಮ್ಯೋಂಗ್ ಬೇಡವೆಂದು ಸಹಿ ಕೂಡಿಸತೊಡಗಿದ. "ದೊಡ್ಡವರು ಏನು ಬೇಕಾದ್ರೂ ಆಡಬಹುದು, ಇರುವೆಯಂಥ ಸಣ್ಣವರು ನಾವು ಮಾತ್ರ ಮಕ್ಕಳೇ?"

"ಆ ಫಂಡಿನ ಅಂಗಡಿಯನ್ನೇ ಮುಚ್ಚಿಸಲಿ" ಎಂದೆ ನಾನು. "ಇವಳನ್ನ ನೋಡಿಯೂ ಸಹಿ ಕೇಳ್ತೀಯಲ್ಲ, ನಾಚಿಕೆ ಇಲ್ಲವೇ?"

ಓಕ್‌ಬುನ್ ಗುಡಾಣ ಒರೆಸುತ್ತಿದ್ದಳು. "ಅವನನ್ನ ಬೈಬೇಡಕ್ಕ. ಅವತ್ತು ಮುಚ್ಚಿದ್ದಿದ್ರೆ, ನನ್ನ ಅದೃಷ್ಟ ಕಿತ್ತುಕೊಂಡ್ರು ಅಂತ ಸಾಯೋವರೆಗೂ ಶಾಪ ಹಾಕ್ತಿದ್ದೆ."

"ಹಾಗಾದ್ರೆ ಸಹಿ ಹಾಕ್ತೀರಾ ಅತ್ತಿಗೆ?"

"ಇಲ್ಲ. ಪಾಠ ಹೇಳೋರು ಎದುರಿಗೆ ಕೂರಿಸಿಕೊಂಡು ಹೇಳಲಿ, ಏನು ತಿಳೀತು ಅಂತ ಬಾಯಿಬಿಟ್ಟು ಹೇಳಿಸಲಿ. ಅದನ್ನ ಬರಿ. ಅದಕ್ಕಾದ್ರೆ ಹಾಕ್ತೀನಿ."

ಮ್ಯೋಂಗ್ ಬರೆದನೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಳೆ ಮಡಚಿಕೊಂಡು ಹೋದ.

ಮೊನ್ನೆ ಹಿತ್ತಲಿಗೆ ಹೋದಾಗ ಅವಳ ಫೋನು ಗುಡಾಣದ ಮುಚ್ಚಳದ ಮೇಲಿತ್ತು. ಅದೇ ಕನ್ನಡಕದ ಹುಡುಗಿ ಮಾತಾಡುತ್ತಿದ್ದಳು. ಕಾಳು ಅರೆಯುವ ಯಂತ್ರ ನಿಂತಿತ್ತು.

"ಈಗ್ಯಾಕೇ ಇದು?"

"ಫೀಸು ಕಟ್ಟಿದೀನಲ್ಲಕ್ಕ" ಎಂದು ನಕ್ಕಳು. ನಗು ಉಳಿಯಲಿಲ್ಲ. ಇಂಥ ಫಂಡನ್ನು ಹೆಚ್ಚು ದಿನ ಇಟ್ಟುಕೊಳ್ಳಬಾರದು ಎಂದು ಹುಡುಗಿ ಹೇಳುವ ಜಾಗ ಬಂತು. ಓಕ್‌ಬುನ್ ಒದ್ದೆ ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡು, ಪಾಠವನ್ನು ಹಿಂದಕ್ಕೆ ತಳ್ಳಿ ಅದೇ ಮಾತನ್ನು ಇನ್ನೊಮ್ಮೆ ಹಚ್ಚಿದಳು.