ದೋಣಿ ಬರುವ ತನಕ

ಹೊನ್ನಾವರದ ಮೀನು ಪೇಟೆಯ ಹಿಂದೆ, ಹೊಳೆಯ ದಂಡೆಯಲ್ಲಿ, ಈಗ ಟೈಲ್ಸ್ ಅಂಗಡಿ ಇದೆ. ಮೊದಲು ಅಲ್ಲಿ ನಮ್ಮ ಟಾಕೀಸು ಇತ್ತು. ಮೊಬೈಲಿನಿಂದ ಮುಚ್ಚಿತು ಎನ್ನುವವರಿದ್ದಾರೆ, ಟಿವಿಯಿಂದ ಎನ್ನುವವರೂ ಇದ್ದಾರೆ. ಸುಡುಗಾಡು! ಮುಚ್ಚಿಸಿದ್ದು ನಾನು.

ಅದೇನು ದೊಡ್ಡವರ ಥಿಯೇಟರ್ ಅಲ್ಲ. ಶುರುವಿನಲ್ಲಿ ಬಿದಿರಿನ ಕಂಬ ತಂದವರು ಮೀನುಗಾರರು, ಮಾಡಿಗೆ ತೆಂಗಿನ ಮಡಲು ಹೆಣೆದುಕೊಟ್ಟವರು ತೋಟದವರು. ಆಮೇಲೆ ಕಲ್ಲಿನ ಗೋಡೆ, ಹಂಚು, ಮರದ ಬೆಂಚು ಬಂದವು. ಟಿಕೆಟ್ಟು ಮಾತ್ರ ಕೊನೆಯವರೆಗೂ ಒಂದು ಪ್ಲೇಟ್ ಬನ್ಸು, ಒಂದು ಚಾದ ದರವನ್ನು ದಾಟಲಿಲ್ಲ. ಭಟ್ಕಳದಿಂದ, ಕುಮಟೆಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಒಂದೇ ಬೆಂಚಿನಲ್ಲಿ ಕೊಂಕಣಿ, ನವಾಯತಿ, ಕನ್ನಡ ಎಲ್ಲವೂ ಸೇರಿ ಗಲಾಟೆಯೋ ಗಲಾಟೆ.

ಯಂತ್ರ ಓಡಿಸುತ್ತಿದ್ದವನು ನನ್ನಪ್ಪ. ಆಟಕ್ಕೆ ಮೊದಲು ಅವನು ಮಾಡಿನ ಮೇಲಿನ ಸ್ಪೀಕರಿನಲ್ಲಿ ಹಾಡು ಹಾಕುತ್ತಿದ್ದ. ಹೊಳೆಯ ನಡುಗಡ್ಡೆಯ ಹೆಂಗಸರು ಆ ಹಾಡು ಕೇಳಿದ ಮೇಲೆಯೇ ದೋಣಿ ಹತ್ತುವುದು. ಅಪ್ಪ ಕ್ಯಾಬಿನ್ನಿನ ಕಿಟಕಿಯಿಂದ ಹೊಳೆ ನೋಡುತ್ತ ನಿಲ್ಲುತ್ತಿದ್ದ. ದೋಣಿ ನೀರಿನ ಮೇಲಿದ್ದರೆ ಆಟ ಶುರುವಿಲ್ಲ. ಒಳಗಿನವರು ಸೀಟಿ ಹೊಡೆಯಲಿ, ಬೆಂಚು ಕುಟ್ಟಲಿ, ಅವನ ಉತ್ತರ ಒಂದೇ: "ದೋಣಿ ಬರ್ಲಿ ಮಾರಾಯ್ರೆ, ನಿಮ್ದೆಂತ ಗಂಟು ಹೋಗ್ತದೆ?" ಹಿಂದಿನ ಎರಡು ಬೆಂಚು ಆ ಹೆಂಗಸರಿಗೇ ಖಾಲಿ ಬಿಡಬೇಕು. ಅಪ್ಪ ತೀರಿಕೊಂಡ ಮೇಲೆ ಕ್ಯಾಬಿನ್ನು ನನ್ನ ಪಾಲಿಗೆ ಬಂತು, ಈ ರೂಢಿಯೂ ಬಂತು.

ಆಮೇಲೆ ಅಪ್ಪನ ಯಂತ್ರ ಗುಜರಿಗೆ ಹೋಯಿತು, ಕಂಪ್ಯೂಟರ್ ಬಂತು. ಈಗಿನ ಸಿನಿಮಾ ಬೀಗ ಹಾಕಿಕೊಂಡೇ ಬರುತ್ತದೆ. ಅದನ್ನು ತೆರೆಯುವ ಕೀಯನ್ನು ಕಂಪನಿಯವರು ಬೇರೆ ಕಳಿಸುತ್ತಾರೆ. ಆ ಕೀಗೊಂದು ಗಡುವು. ಅಷ್ಟರೊಳಗೆ ಆಟ ಶುರು ಮಾಡಿದರೆ ಪೂರ್ತಿ ಓಡುತ್ತದೆ. ಒಂದು ನಿಮಿಷ ದಾಟಿದರೂ ಮುಗೀತು, ಕಾಲಿಗೆ ಬಿದ್ದರೂ ತೆರೆಯುವುದಿಲ್ಲ.

ಜನ ಕಡಿಮೆಯಾಗುತ್ತ ಬಂದರು. ಜಾಗದ ಯಜಮಾನರು ಕೆಟ್ಟವರಲ್ಲ, ಸಾಕಷ್ಟು ವರ್ಷ ತಡೆದುಕೊಂಡರು. ಕೊನೆಗೊಂದು ದಿನ ಹೇಳಿದರು: "ಬರೋ ಭಾನುವಾರ ಮಧ್ಯಾಹ್ನದ ಆಟಕ್ಕೆ ನಾನೇ ಬಂದು ಕೂತ್ಕೊಳ್ತೆ. ಬೆಂಚೆಲ್ಲಾ ತುಂಬ್ತಾ, ಈ ಜಾಗ ಕೇಳ್ತಾ ಇದ್ದ ಟೈಲ್ಸ್‌ನವ್ರಿಗೆ ಆಗೂದಿಲ್ಲ ಅಂದ್ಬಿಡ್ತೆ. ತುಂಬ್ಲಿಲ್ಲ, ಆತು, ಬಾಗಿಲು ಹಾಕು."

ಆ ವಾರವಿಡೀ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದೆ. ಹಿರೇಗುತ್ತಿಯ ನೆಂಟರಿಂದ ಹಿಡಿದು ಜಾಲಿಯ ಅಂಗಡಿಯವರ ತನಕ ಎಲ್ಲರಿಗೂ ಹಲ್ಲುಗಿಂಜಿದೆ. ನಡುಗಡ್ಡೆಗೂ ಹೋದೆ. ಅಪ್ಪನ ಕಾಲದಿಂದ ಬರುತ್ತಿದ್ದ ಅಜ್ಜಿಯೊಬ್ಬಳು ಜಗಲಿಯಲ್ಲಿ ಕೂತಿದ್ದಳು. "ನೀ ಹಾಡು ಹಾಕು ತಂಗಿ. ನಾವು ಬರ್ತೇವೆ" ಎಂದಳು.

ಭಾನುವಾರ ಎರಡೂವರೆಗೆ ಆಟ, ಮೂರಕ್ಕೆ ಕೀಯ ಗಡುವು. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿಕೊಂಡರೆ ನಾಲಿಗೆಗೆ ಹುಳ ಬಿದ್ದೀತು. ಚೆನ್ನಾಗಿ ಗೊತ್ತಿತ್ತು. ಬೆಂಚುಗಳೆಲ್ಲ ತುಂಬಿದ್ದವು, ಹಿಂದಿನವೆರಡು ಬಿಟ್ಟು. ಮುಂದೆ ಕೂತ ಯಜಮಾನರು ತಿರುಗಿ ತಿರುಗಿ ಆ ಎರಡನ್ನೇ ನೋಡುತ್ತಿದ್ದರು. ಹಾಡು ಹಾಕಿದೆ. ದೋಣಿ ಹೊರಟಿತು. ಎರಡೂಮುಕ್ಕಾಲಿಗೆ ಅದು ಹೊಳೆಯ ನಡುವೆ ಇತ್ತು. ಆಗಲೇ ಬಟನ್ ಒತ್ತಿಬಿಟ್ಟಿದ್ದರೆ! ಆದರೆ ಕೈ ಹೋಗಲಿಲ್ಲ. ದೋಣಿ ನೀರಿನ ಮೇಲಿತ್ತು.

ಇಳಿತದ ಹೊತ್ತು, ಹೊಳೆಯಲ್ಲಿ ನೀರು ತಗ್ಗಿತ್ತು. ದಂಡೆ ಇನ್ನೇನು ಸಿಕ್ಕಿತು ಅನ್ನುವಾಗ ದೋಣಿ ಮರಳ ದಿಣ್ಣೆಗೆ ಕಚ್ಚಿ ನಿಂತಿತು. ಹೆಂಗಸರು ಸೀರೆ ಎತ್ತಿಕಟ್ಟಿ ಮೊಣಕಾಲ ನೀರಿಗೆ ಇಳಿದರು. ನನಗೆ ಕ್ಯಾಬಿನ್ನಿನಲ್ಲಿ ನಿಲ್ಲಲಾಗಲಿಲ್ಲ. ಮೆಟ್ಟಿಲಿಳಿದು ದಂಡೆಗೆ ಓಡಿದೆ, ಅಜ್ಜಿಯ ಕೈ ಹಿಡಿದು ಮೇಲೆ ಹತ್ತಿಸಿದೆ, ಎಲ್ಲರನ್ನೂ ಒಳಗೆ ದೂಡಿ ಏದುಸಿರು ಬಿಡುತ್ತ ಬಂದು ಬಟನ್ ಒತ್ತಿದೆ.

ಮೂರು ಗಂಟೆ ನಾಲ್ಕು ನಿಮಿಷ. ಪರದೆ ಬೆಳ್ಳಗೆ ಹಾಗೇ ಇತ್ತು. ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಕಂಪನಿಗೆ ಫೋನು ಮಾಡಿದೆ. ಭಾನುವಾರ ಯಾರು ಎತ್ತುತ್ತಾರೆ? ರಿಂಗಾಗುತ್ತಲೇ ಇತ್ತು. ಅಯ್ಯೋ ದೇವರೇ, ನಾಲ್ಕು ನಿಮಿಷ!

ಕೆಳಗಿಳಿದು ಯಜಮಾನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇನ್ನೊಂದೇ ಒಂದು ಭಾನುವಾರ ಕೊಡಿ ಎಂದು ಎಲ್ಲರೆದುರು ಕೈಮುಗಿದೆ. ನಾಚಿಕೆ ಮಾನ ಒಂದೂ ಉಳಿದಿರಲಿಲ್ಲ. ಅವರು ಎದ್ದು ಪಂಚೆ ಸರಿ ಮಾಡಿಕೊಂಡರು. "ಜನ ತುಂಬಿದ್ರು ತಂಗಿ, ಸುಳ್ಳಲ್ಲ. ಜನ ಬಂದ ದಿನವೇ ಸಿನಿಮಾ ಇಲ್ಲ ಅಂದ್ರೆ ನಾ ಎಂತ ಮಾಡ್ಲಿ ಹೇಳು?" ಎಂದು ಹೊರಟುಹೋದರು.

ಉಳಿದವರೂ ಒಬ್ಬೊಬ್ಬರೇ ಎದ್ದರು. ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು. ಹಿಂದಿನ ಎರಡು ಬೆಂಚಿನವರು ಮಾತ್ರ ಏಳಲಿಲ್ಲ. ನಮ್ಮ ಮಾತು ಅವರ ತನಕ ಹೋಗಿರಲೇ ಇಲ್ಲ. ಅವರಿಗೆ ಹೇಳಬೇಕೆಂದು ಹತ್ತಿರ ಹೋದೆ. ಅಜ್ಜಿ ಒದ್ದೆ ಸೆರಗು ಹಿಂಡುತ್ತ ನನ್ನತ್ತ ನೋಡಿ ನಕ್ಕಳು.

"ನೀ ಕಾಯ್ತೀ ಅಂತ ಗೊತ್ತಿತ್ತು ನಮ್ಗೆ. ಅಪ್ಪನ ಹಾಂಗೇ ನೀನೂವಾ. ಎಲ್ಲಾ ಬಂದಾತು, ಇನ್ನು ಶುರು ಮಾಡು ತಂಗಿ."