ಮೂಕ್ಕುಪ್ಪಾರಿನಿಂದ ಮರಳಿ ಬಂದ ಗುಂಡುಗಳು

ಸಜ್ಜನರೇ, ಕೈಯಲ್ಲಿರುವ ಕೆಲಸವನ್ನು ಒಂದಿಷ್ಟು ಹೊತ್ತು ಬದಿಗಿಟ್ಟು ಕೇಳಿರಿ. ಮಹಾತ್ಮರ ಚರಿತ್ರೆಯಿಂದ ಕಿವಿ ಪಾವನವಾಗುತ್ತದೆ, ನಿಜ. ಆದರೆ ಪಕ್ಕದ ಬೀದಿಯಲ್ಲಿ ಎಣ್ಣೆ ಮೆತ್ತಿದ ಕೈಯಿಂದ ದುಡಿಯುವವನ ಬಾಳಿನಲ್ಲಿಯೂ ಭಗವಂತನು ಒಮ್ಮೊಮ್ಮೆ ತನ್ನ ಪಾಠವನ್ನು ಬರೆದಿಡುತ್ತಾನೆ. ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ಯುವ ನಂಜುಂಡಪ್ಪನ ಕಥೆ ಅಂಥದ್ದು.

ನಂಜುಂಡಪ್ಪನಿಗೆ ಈಗ ಅರವತ್ತೆರಡು. ಅಜ್ಜನ ಕಾಲದಲ್ಲಿಯೇ ಇಲ್ಲಿ ನೆಲೆಯೂರಿದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಲವತ್ತು ವರ್ಷ ಲೇತಿನ ಸದ್ದಿನಲ್ಲಿ ನಿಂತು ಅವನ ಕಿವಿಯೊಳಗೆ ಒಂದು ದುಂಬಿ ಮನೆ ಮಾಡಿಕೊಂಡಿತ್ತು, ನಿದ್ದೆಯಲ್ಲಿಯೂ ಗುಂಯ್ಗುಡುತ್ತಿತ್ತು. ಆ ದುಂಬಿ ಸುಮ್ಮನಾಗುತ್ತಿದ್ದುದು ಒಂದೇ ಜಾಗದಲ್ಲಿ. ತೂತ್ತುಕುಡಿಯ ಆಚೆ, ದಡದಿಂದ ದೋಣಿಯಲ್ಲಿ ಅರ್ಧ ಗಂಟೆ ಹೋದರೆ ನೀರಿನಡಿಯಲ್ಲಿ ಒಂದು ಹವಳದ ದಿಬ್ಬವಿದೆ. ಅಂಥ ದಿಬ್ಬವನ್ನು ಅಲ್ಲಿನ ಮೀನುಗಾರರು ಪಾರ್ ಎನ್ನುತ್ತಾರೆ. ಇದು ಮೂಗಿನಂತೆ ಮುಂಚಾಚಿರುವುದರಿಂದ ಮೂಕ್ಕುಪ್ಪಾರ್. ಅದರ ಮೇಲೆ ದೋಣಿ ನಿಲ್ಲಿಸಿ, ಗಾಳ ಇಳಿಬಿಟ್ಟು, ದಾರವನ್ನು ತೋರುಬೆರಳಿನ ಮೇಲಿಟ್ಟುಕೊಂಡು ಕುಳಿತರೆ ನಂಜುಂಡಪ್ಪನಿಗೆ ತಲೆಯೊಳಗೆ ನಿಶ್ಶಬ್ದ. ಕಳವಾ ಮೀನು ಸಿಕ್ಕಿದರೂ ಸರಿ, ಸಿಗದಿದ್ದರೂ ಸರಿ.

ಇಪ್ಪತ್ತು ವರ್ಷಗಳಿಂದ ತಿಂಗಳಿಗೆ ಎರಡು ಬಾರಿ ಅವನು ಅಲ್ಲಿಗೆ ಹೋಗುತ್ತಿದ್ದ, ಕೊಯಮತ್ತೂರು ತಿರುಪ್ಪೂರುಗಳ ಇನ್ನೂ ಇಪ್ಪತ್ತೈದು ಮೂವತ್ತು ಗಾಳಗಾರರ ಜೊತೆಗೆ. ಗುಂಪಿಗೆ ಯಜಮಾನನಂತಿದ್ದವನು ಚಿನ್ನಸಾಮಿ, ಪೆರಿಯನಾಯಕನಪಾಳ್ಯದ ಮಿಲ್ಲೊಂದರಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತನಾದವನು. ಬಾಯಿ ಖಾರ, ಮನಸ್ಸು ಬೆಣ್ಣೆ.

ಪಾರಿನ ಮೇಲೆ ನೀರಿನ ಸೆಳೆತ ಹೆಚ್ಚು. ಗಾಳಕ್ಕೆ ಕಟ್ಟಿದ ಸೀಸದ ಗುಂಡು ಒಂದೆಡೆ ನಿಲ್ಲದೆ ಉರುಳಿಹೋಗುತ್ತಿತ್ತು. ಎರಕದವನ ಬುದ್ಧಿ ಸುಮ್ಮನಿರುತ್ತದೆಯೇ? ನಂಜುಂಡಪ್ಪನು ವರ್ಕ್‌ಶಾಪಿನಲ್ಲಿ ಉಳಿದ ಹಿತ್ತಾಳೆಯ ಕಂಬಿ ತುಂಡುಗಳನ್ನು ಬಾಗಿಸಿ, ಗುಂಡಿಗೆ ನಾಲ್ಕು ಕಾಲು ಕೊಟ್ಟನು. ಅದು ತಳವನ್ನು ಕಚ್ಚಿ ಹಿಡಿಯಿತು. ಗಾಳಗಾರರು ಕುಣಿದಾಡಿ, ಅದಕ್ಕೆ ಏಡಿಯ ಹೆಸರನ್ನಿಟ್ಟು ನಂಡು ಎಂದು ಕರೆದರು. ಎಳೆದಾಗ ಎಷ್ಟೋ ಬಾರಿ ನಂಡು ಬಾರದೆ ದಾರವೇ ಕಿತ್ತುಹೋಗುತ್ತಿತ್ತು. ಹೋದರೆ ಹೋಯಿತು, ಮುಂದಿನ ಸಲಕ್ಕೆ ಅಣ್ಣ ಇನ್ನೊಂದು ಎರಕ ಹೊಯ್ಯುತ್ತಾರೆ ಎಂದು ಎಲ್ಲರೂ ನಗುತ್ತಿದ್ದರು.

ಗಣಪತಿಯ ಹಳೆಯ ವರ್ಕ್‌ಶಾಪುಗಳಲ್ಲಿ ಒಂದು ಪದ್ಧತಿ. ಪ್ರತಿಯೊಬ್ಬರೂ ತಮ್ಮ ಎರಕದ ಮೇಲೆ ತಮ್ಮದೇ ಒಂದು ಅಚ್ಚು ಮೂಡಿಸುತ್ತಾರೆ. ಆ ಅಚ್ಚಿನ ಮಾಲು ಕೆಟ್ಟು ಹಿಂದಕ್ಕೆ ಬಂದರೆ ವಾದವಿಲ್ಲ. ಹೊಯ್ದವನೇ ಕೈಚಾಚಿ ತೆಗೆದುಕೊಳ್ಳಬೇಕು. ನಂಜುಂಡಪ್ಪನ ಅಚ್ಚು ಮೂರು ಅಡ್ಡಗೆರೆ, ನಡುವೆ ಒಂದು ಚುಕ್ಕೆ. ಕೈ ವಾಡಿಕೆಯಿಂದ ಅವನು ನಂಡುಗಳ ಮೇಲೂ ಅದನ್ನು ಒತ್ತುತ್ತಿದ್ದನು.

ಹೀಗಿರಲು ಸುದ್ದಿ ಬಂತು: ಮೂಕ್ಕುಪ್ಪಾರನ್ನು ಸಂರಕ್ಷಿತ ವಲಯಕ್ಕೆ ಸೇರಿಸಲಿದ್ದಾರೆ, ಬಲೆಯೂ ಇಲ್ಲ, ಗಾಳವೂ ಇಲ್ಲ. ಅದಕ್ಕೆ ಮುಂಚೆ ಗಾಳಗಾರರ ಅಭಿಪ್ರಾಯ ಸಂಗ್ರಹಿಸಲು ಪೀಳಮೇಡಿನ ಕಾಲೇಜೊಂದರಿಂದ ಭೂಮಿ ಎಂಬ ಯುವತಿ ಪ್ರಶ್ನೆಗಳ ಹಾಳೆ ಹಿಡಿದು ವರ್ಕ್‌ಶಾಪಿಗೆ ಬಂದಳು. ಹಾಸನದ ಕಡೆಯವಳು, ಕಡಲಡಿಯ ಜೀವಗಳನ್ನು ಓದಿದವಳು, ತಾನೇ ನೀರಿನಲ್ಲಿ ಮುಳುಗಿ ನೋಡುವವಳು. ನಂಜುಂಡಪ್ಪ ಮನೆಗೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಅವಳ ಮುಖವರಳಿತು.

"ಸರ್, ಕನ್ನಡದವರಾ? ಹಾಗಾದ್ರೆ ಹಾಳೇನ ಕನ್ನಡದಲ್ಲೇ ಬರೆದುಕೊಡ್ತೀನಿ."

"ಬೇಡಮ್ಮಾ ಕಣ್ಣು. ನಮ್ಮ ಕನ್ನಡ ನಾಲಿಗೆ ಮೇಲೆ ಮಾತ್ರ. ಕಣ್ಣಿಗೆ ತಮಿಳೇ ಕೊಡು."

ಮೂವತ್ತು ಮಂದಿ ಆ ಹಾಳೆಗಳನ್ನು ತುಂಬಿದರು. ಕಡಲನ್ನು ಕಾಪಾಡಬೇಕೇ ಎಂಬುದಕ್ಕೆ ಬಹುಮಟ್ಟಿಗೆ ಎಲ್ಲರೂ ಹೌದೆಂದರು. ಮೂಕ್ಕುಪ್ಪಾರನ್ನು ಮುಚ್ಚಬಹುದೇ ಎಂಬುದಕ್ಕೆ ಎಲ್ಲರೂ ಬೇಡವೆಂದರು. ಅವರನ್ನು ಹಳಿಯಬೇಡಿ, ಅವರ ಮಾತಿನಲ್ಲಿಯೂ ನ್ಯಾಯವಿತ್ತು. ದೊಡ್ಡ ಟ್ರಾಲರ್ ದೋಣಿಗಳು ಬಲೆ ಎಳೆದು ತಳವನ್ನೇ ಗುಡಿಸಿಕೊಂಡು ಹೋಗುವಾಗ ಒಂದು ಗಾಳದವನ ಮೇಲೇಕೆ ಕಣ್ಣು? ಅಲ್ಲಿ ಯಾರು ಏನು ಕದಿಯುತ್ತಾರೆಂದು ನೋಡುತ್ತಿದ್ದವರೇ ನಾವು. ನಮ್ಮನ್ನು ಹೊರಹಾಕಿದರೆ ಕಾಯುವವರಾರು ಎಂದು ಅವರು ಕೇಳಿದರು. ನಂಜುಂಡಪ್ಪನೂ ಬೇಡವೆಂದೇ ಗುರುತು ಹಾಕಿದ್ದನು. ಆ ಜಾಗ ಹೋದರೆ ಉಳಿದ ಆಯಸ್ಸನ್ನೆಲ್ಲ ಕಿವಿಯ ದುಂಬಿಯೊಡನೆಯೇ ಕಳೆಯಬೇಕಾಗುತ್ತದೆಂಬುದು ಅವನ ಅಂಜಿಕೆ.

ಒಂದು ಭಾನುವಾರ ಅಧಿಕಾರಿಗಳ ಎದುರು ಕಾಲೇಜಿನಲ್ಲಿ ಸಭೆ ಎಂದಾಯಿತು. ಗುಂಪಿನ ಪರವಾಗಿ ನಂಜುಂಡಪ್ಪನೇ ಮಾತನಾಡಬೇಕೆಂದು ಚಿನ್ನಸಾಮಿ ಪಟ್ಟುಹಿಡಿದನು. ತಾನು ಬಾಯಿ ತೆರೆದರೆ ಜಗಳ, ಅಣ್ಣ ತೆರೆದರೆ ನ್ಯಾಯ ಎಂಬುದು ಅವನ ವಾದ. ಹೆಂಡತಿ ಸೀತಮ್ಮ ಇಸ್ತ್ರಿ ಮಾಡಿದ ಅಂಗಿ ಕೊಡುತ್ತಾ ಚುಚ್ಚಿದಳು:

"ಮೂವತ್ತೈದು ವರ್ಷದಲ್ಲಿ ನನ್ನ ಹತ್ರ ಮೂರು ಮಾತು ಸೇರಿಸಿ ಆಡ್ದೋರಲ್ಲ. ಕಡಲಿಗೋಸ್ಕರ ಮೈಕ್ ಹಿಡೀತೀರಾ? ಆಗಲಿ, ಹಾಗಾದ್ರೂ ಬಾಯಿ ತೆಗೀರಿ."

ಸಭೆಯಲ್ಲಿ ಮೊದಲು ಮಾತನಾಡಿದವಳು ಭೂಮಿ. ಅವಳು ಯಾರನ್ನೂ ದೂರಲಿಲ್ಲ. ತಾನೂ ಗೆಳೆಯರೂ ಪಾರಿನಲ್ಲಿ ಮುಳುಗಿ ಎತ್ತಿ ತಂದದ್ದನ್ನು ಒಂದು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮೇಜಿನ ಮೇಲಿಟ್ಟು, ಬಂದು ನೋಡಿ ಎಂದಳು. ಟ್ರಾಲರ್ ಬಲೆಯ ಚೂರುಗಳಿದ್ದವು, ಸಿಕ್ಕುಗಟ್ಟಿದ ದಾರವಿತ್ತು. ಅವುಗಳ ನಡುವೆ ಬಿಳಿಯ ಪದರು ಕಟ್ಟಿದ ಸೀಸದ ಗುಂಡುಗಳು, ಹಸಿರು ಕಿಲುಬು ಹಿಡಿದ ನಾಲ್ಕು ನಾಲ್ಕು ಕಾಲುಗಳು.

ನಂಜುಂಡಪ್ಪ ಒಂದನ್ನು ಎತ್ತಿಕೊಂಡನು. ಅದರ ಕಾಲಿನ ಹಿಡಿತದಲ್ಲಿ ಮುರಿದ ಹವಳದ ಕೊಂಬೆಯೊಂದು ಇನ್ನೂ ಇತ್ತು, ಗೇಣುದ್ದದ್ದು, ಸತ್ತು ಬೆಳ್ಳಗಾದದ್ದು. ಜೇಬಿನ ಬೀಗದ ಕೈಯಿಂದ ಸೀಸವನ್ನು ಕೆರೆದನು. ಮೂರು ಅಡ್ಡಗೆರೆ, ನಡುವೆ ಚುಕ್ಕೆ. ಇನ್ನೊಂದನ್ನು ಕೆರೆದನು. ಮತ್ತೊಂದನ್ನು. ಇಪ್ಪತ್ತು ವರ್ಷ ಆ ನೀರಿನ ಮೇಲೆ ಕುಳಿತು ಶಾಂತಿಯನ್ನು ಉಂಡವನು ನೀರಿನಡಿಯಲ್ಲಿ ಏನಾಗುತ್ತಿದೆಯೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಎದುರಿಗೆ ಅಧಿಕಾರಿಗಳು, ಹಿಂದೆ ಅವನನ್ನೇ ನಂಬಿ ಕುಳಿತ ಮೂವತ್ತು ಗೆಳೆಯರು. ಗೆಳೆಯರು ಬಾಯಿಬಿಡುವವರಲ್ಲ, ಅಧಿಕಾರಿಗಳು ಆ ಅಚ್ಚನ್ನು ಅರಿಯರು. ಸುಮ್ಮನೆ ತೊಟ್ಟಿಗೆ ಹಾಕಿಬಿಟ್ಟಿದ್ದರೂ ನಡೆಯುತ್ತಿತ್ತು.

ಹೆಸರು ಕೂಗಿದಾಗ ಅವನು ಗುಂಡನ್ನು ಕೈಯಲ್ಲಿ ಹಿಡಿದೇ ಎದ್ದನು. ಬರೆದು ತಂದಿದ್ದ ಕಾಗದವನ್ನು ಬಿಚ್ಚಲಿಲ್ಲ. ತಮಿಳಿನಲ್ಲಿ ಅವನು ಆಡಿದ್ದು ಇಷ್ಟು:

"ಇದು ನಮ್ಮ ಪಟ್ಟರೈ ಮಾಲು, ನಮ್ಮ ವರ್ಕ್‌ಶಾಪಿಂದು. ಪಂಪು ವಾಪಸ್ ಬಂದ್ರೆ ನೀರು ಸರಿಯಿಲ್ಲ, ಕರೆಂಟು ಸರಿಯಿಲ್ಲ ಅಂತ ನಾನು ಯಾರ ಹತ್ರಾನೂ ವಾದ ಮಾಡ್ದೋನಲ್ಲ. ಇವತ್ತು ಕಡಲು ವಾಪಸ್ ಕಳಿಸಿದೆ. ಟ್ರಾಲರ್ ಮೇಲೆ ಹಾಕಿ ತಪ್ಪಿಸ್ಕೊಂಡ್ರೆ ನಾಳೆ ಅಚ್ಚು ಒತ್ತೋಕೆ ನನ್ನ ಕೈ ಬರಲ್ಲ. ಪಾರ್ ಮುಚ್ಚಿ. ಮೊದಲು ನಮಗೆ ಮುಚ್ಚಿ. ಬಲೆ ದೋಣಿಗೂ ಮುಚ್ಚಿ. ಅವರಿಗೆ ಮಾತ್ರ ಬಿಟ್ರೆ ನಾನೇ ಬಂದು ಇಲ್ಲಿ ಕೂಗಾಡ್ತೀನಿ."

ಸಭೆ ಗದ್ದಲವಾಯಿತು. ಚಿನ್ನಸಾಮಿ ಹೊರಬಂದು ಎಲ್ಲರಿಗೂ ಕೇಳುವಂತೆ, ನಮ್ಮ ವಕೀಲರೇ ನಮ್ಮ ಕೊರಳಿಗೆ ನಂಡು ಕಟ್ಟಿ ಮುಳುಗಿಸಿದರು ಎಂದನು. ನಂಜುಂಡಪ್ಪ ಬಸ್ಸಿನಲ್ಲಿ ಒಬ್ಬನೇ ಮನೆಗೆ ಬಂದನು. ಸೀತಮ್ಮ ನಡೆದದ್ದನ್ನೆಲ್ಲ ಕೇಳಿ, ಕಾಫಿ ತಂದಿಟ್ಟು ಪಕ್ಕದಲ್ಲಿ ಕುಳಿತಳು.

ಮರುದಿನವೇ ಅವನು ನಂಡು ಹೊಯ್ಯುವ ಎರಕದಚ್ಚನ್ನು ಒಡೆದುಹಾಕಿ, ಯಾರ ಬಳಿ ಎಷ್ಟು ನಂಡುಗಳಿದ್ದರೂ ತಂದುಕೊಡಿರೆಂದು ಎಲ್ಲರಿಗೂ ಹೇಳಿಕಳಿಸಿದನು. ಎರಡು ತಿಂಗಳು ಯಾರೂ ಆ ಕಡೆ ಸುಳಿಯಲಿಲ್ಲ. ಮೂರನೆಯ ತಿಂಗಳು ಚಿನ್ನಸಾಮಿ ಒಂದು ಚೀಲವನ್ನು ತಂದು ಬಾಗಿಲಲ್ಲಿ ದೊಪ್ಪೆಂದು ಇಳಿಸಿದನು.

"ಮಾತು ಬಿಟ್ಟಿದೀನಿ ಅಣ್ಣಾ, ಮಾಲು ಮಾತ್ರ ತಂದಿದೀನಿ" ಎಂದವನು ಅಲ್ಲಿಯೇ ಕುಳಿತು ಒಂದೂವರೆ ಗಂಟೆ ಮಾತನಾಡಿದನು.

ಆ ವರ್ಷ ಮೂಕ್ಕುಪ್ಪಾರ್ ಬಲೆಗೂ ಗಾಳಕ್ಕೂ ಮುಚ್ಚಿತು. ಗಡಿಗೆ ತೇಲುಬುರುಡೆಗಳನ್ನು ಕಟ್ಟಿದ್ದಾರೆ. ಅದರ ಹೊರಗೆ ಗಾಳ ಹಾಕಬಹುದು. ಒಳಗೆ ಟ್ರಾಲರ್ ಕಂಡರೆ ಗಾಳಗಾರರೇ ಫೋನು ಮಾಡಿ ತಿಳಿಸುತ್ತಾರೆ. ನಂಜುಂಡಪ್ಪ ಈಗ ಸೀಸವನ್ನೇ ಬಿಟ್ಟು, ಹೊಳೆಯ ಕಲ್ಲನ್ನು ಹತ್ತಿಯ ನೂಲಿನಿಂದ ಕಟ್ಟುತ್ತಾನೆ. ತಳಕ್ಕೆ ಸಿಕ್ಕಿಕೊಂಡರೆ ನೂಲು ಹರಿದು ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಹೊರಗಿನ ನೀರು ಪಾರಿನ ನೀರಲ್ಲ. ಮೀನು ಕಡಿಮೆ, ಅಲೆ ಹೆಚ್ಚು, ಕಿವಿಯ ದುಂಬಿ ಅಲ್ಲಿ ಪೂರ್ತಿ ಮಲಗುವುದೂ ಇಲ್ಲ. ಹವಳ ಚಿಗುರಿತೇ ಎಂದು ಭೂಮಿಯನ್ನು ಕೇಳಿದರೆ, ಅದು ನಮ್ಮ ಅವಸರಕ್ಕೆ ಬೆಳೆಯುವುದಲ್ಲ, ತಾಳಿ ಎನ್ನುತ್ತಾಳೆ. ಅವನು ತಾಳಿಕೊಂಡಿದ್ದಾನೆ.

ಭಕ್ತ ಬಂಧುಗಳೇ, ಕಡಲು ಭಗವಂತನ ಮನೆಯ ಹಿತ್ತಲು. ನಮಗೆ ಅಲ್ಲಿ ಕುಳಿತುಕೊಳ್ಳಲು ಅಪ್ಪಣೆಯಿದೆ, ಮುರಿಯಲು ಇಲ್ಲ. ನಿಮಗೂ ಪ್ರಿಯವಾದ ಒಂದು ನೀರು, ಒಂದು ಬೆಟ್ಟ, ಒಂದು ಮರದ ನೆರಳು ಇರಬಹುದು. ಅಲ್ಲಿ ಊರವರ ತಪ್ಪನ್ನು ಎಣಿಸುವುದಕ್ಕೆ ಮುಂಚೆ, ನಿಮ್ಮ ಕೈಯಿಂದ ಜಾರಿ ಬಿದ್ದದ್ದು ಏನೆಂದು ಬಗ್ಗಿ ನೋಡಿರಿ. ನಿಮ್ಮದೆಂದು ಕಂಡರೆ ನಾಚದೆ ಕೈಚಾಚಿ ಎತ್ತಿಕೊಳ್ಳಿರಿ; ಮೊದಲ ಹೆಜ್ಜೆ ಹಿಂದಕ್ಕೆ ಇಡುವವರು ನೀವೇ ಆಗಿರಿ.